ಪ್ರತಿ: ಅಚ್ಚು ತೆಗೆದ ಕೂಡಲೇ ರೋಮನ್ ಕಮಾನು ಕುಸಿಯುತ್ತಿದೆ

ನಿಮ್ಮ ಮಾದರಿ ಕಮಾನಿನ ಕೆಳಗಿನ ಆಸರೆ ಅಚ್ಚು ತೆಗೆದ ಕೂಡಲೇ ಅದು ಬೀಳುತ್ತಿದೆ ಅಂದರೆ, ಬಹುಶಃ ಕಮಾನಿನ ಎರಡೂ ಕಾಲು ಹೊರಕ್ಕೆ ಜಾರುತ್ತಿವೆ. ಅಂಟಿಲ್ಲದೆ ಜೋಡಿಸಿದ 9 ಪ್ಲಾಸ್ಟರ್ ತುಂಡುಗಳು, ಕೆಳಗೆ ನಯವಾದ ಹಲಗೆ ಅಂದಿರಲ್ವಾ? ಕಮಾನು ಭಾರವನ್ನು ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ತಳ್ಳುತ್ತದೆ. ನಾನೂ ಮೊದಲ ಸಲ ಇದು ತಿಳಿಯದೆ ನಡುಗಲ್ಲನ್ನೇ (ಕಮಾನಿನ ನೆತ್ತಿಯ ತುಂಡು) ಸುಮ್ನೆ ಉಜ್ಜುತ್ತಾ ಕೂತಿದ್ದೆ.

ಮೊದಲು ಎರಡೂ ಕಾಲಿನ ಹೊರಬದಿಗೆ ಮರದ ಪಟ್ಟಿ ಒತ್ತಿಟ್ಟು ಹಲಗೆಗೆ ಮೊಳೆ ಹೊಡೆಯಿರಿ. ಸ್ಪೇನ್‌ನ ಸೆಗೋವಿಯಾದಲ್ಲಿ ಕಮಾನುಗಳ ಮೇಲೆ ನೀರು ಹರಿಸಲು ಕಟ್ಟಿದ ರೋಮನ್ ಕಾಲುವೆಯಲ್ಲೂ ಕಲ್ಲುಗಳ ನಡುವೆ ಗಾರೆ ಇಲ್ಲ. ಅಲ್ಲಿ ಅಕ್ಕಪಕ್ಕದ ಕಮಾನುಗಳೇ ಒಂದನ್ನೊಂದು ತಳ್ಳಿ ಹಿಡಿದಿವೆ. ನಿಮ್ಮದು ಒಂಟಿ ಕಮಾನು, ಹಾಗಾಗಿ ಪಟ್ಟಿ ಬೇಕೇ ಬೇಕು.

ಆಮೇಲೆ ಅಚ್ಚಿನ ಕೆಳಗೆ ಎರಡೂ ಕಡೆ ತೆಳು ಬೆಣೆ ಇಡಿ. ತುಂಡುಗಳನ್ನು ಎರಡೂ ಬದಿಯಿಂದ ಸಮವಾಗಿ ಏರಿಸಿ, ನಡುಗಲ್ಲು ಕೊನೆಗೆ. ಈಗ ಆ ಬದಿಯ ಬೆಣೆ ಒಂದಿಷ್ಟು, ಈ ಬದಿಯ ಬೆಣೆ ಒಂದಿಷ್ಟು ಅಂತ ನಿಧಾನಕ್ಕೆ ಹೊರಗೆಳೆಯಿರಿ. ಅಚ್ಚು ನೇರ ಕೆಳಗಿಳಿಯಬೇಕು, ಪಕ್ಕಕ್ಕೆ ಎಳೆದರೆ ಕೆಟ್ಟಿತು. ಫ್ರಾನ್ಸ್‌ನ ಪಾಂ ದ್ಯು ಗಾರ್ ಸೇತುವೆಯ ಫೋಟೋ ನೋಡಿ, ಅಲ್ಲಲ್ಲಿ ಹೊರಚಾಚಿದ ಕಲ್ಲುಗಳಿವೆ. ಕಟ್ಟುವಾಗ ಮರದ ಚೌಕಟ್ಟಿಗೆ, ಅಂದರೆ ಅವರ ಅಚ್ಚಿಗೆ, ಆಸರೆಯಾದ ಕಲ್ಲುಗಳವು.

ಇಷ್ಟಾದರೂ ಬಿದ್ದರೆ ತುಂಡುಗಳ ಕೋನ ನೋಡಿ. ಅರ್ಧವೃತ್ತಕ್ಕೆ 9 ತುಂಡು ಅಂದರೆ ಒಂದೊಂದೂ 20 ಡಿಗ್ರಿ. ದಪ್ಪ ಒಳ ತ್ರಿಜ್ಯದ ಐದನೇ ಒಂದು ಭಾಗವಾದರೂ ಇರಲಿ. ನಿಮ್ಮ ಅಳತೆ ಹೇಳದ್ದರಿಂದ ಇದೇ ತೊಂದರೆಯೋ ಅಂತ ಖಚಿತವಾಗಿ ಹೇಳಲಾರೆ. ಮೊದಲು ಪಟ್ಟಿ ಹೊಡೆದು ನೋಡಿ.