ಗೊಬ್ಬರ ಬೇಕು, ನಿಜ. ಟ್ಯಾಂಕ್ ಯಾರ ಮನೆ ಪಕ್ಕ?

ಪ್ರಿಯ ಓದುಗರೇ,

ನಿಮ್ಮ ನಾಲ್ಕು ಪುಟದ ಕಾಗದ ತಲುಪಿತು. ಎರಡು ಸಲ ಓದಿದೆ. ಅಭಿವೃದ್ಧಿಶೀಲ ದೇಶಗಳಲ್ಲಿ ಗೊಬ್ಬರ ಕಾರ್ಖಾನೆಗೆ ಸಾಲ ಕೊಡುವ ಮುಂಚೆ ಪರಿಸರದ ಮೇಲೆ, ಅಲ್ಲಿನ ಜನರ ಮೇಲೆ ಏನಾಗುತ್ತದೆ ಎಂದು ಹೇಗೆ ಪರಿಶೀಲಿಸುತ್ತಾರೆ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದು ನಿಮಗೆ ಸಿಟ್ಟು ತರಿಸಿದೆ. "ಗೊಬ್ಬರ ಸಿಗದೆ ಅರ್ಧ ಬೆಳೆ ತೆಗೆಯುವ ರೈತನ ಮುಂದೆ ಸಾವಿರ ಪುಟದ ವರದಿ ಇಟ್ಟರೆ ಏನು ಬಂತು? ಇದು ಬಡ ದೇಶಗಳ ಕೈ ಕಟ್ಟಿಹಾಕುವ ಉಪಾಯ" ಅಂದಿದ್ದೀರಿ. ಕೊನೆಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಿದ್ದೀರಿ: "ಅಷ್ಟಕ್ಕೂ ಈ ವರದಿ ಓದುವವರು ಯಾರು?"

ನಿಮ್ಮ ಮಾತಿನ ಮೊದಲರ್ಧ ನಿಜ. 2006ರಲ್ಲಿ ಆಫ್ರಿಕಾದ ನಾಯಕರು ನೈಜೀರಿಯಾದ ಅಬುಜಾದಲ್ಲಿ ಸೇರಿದಾಗ ಅಲ್ಲಿನ ರೈತರು ಹೆಕ್ಟೇರಿಗೆ ಹಾಕುತ್ತಿದ್ದ ಗೊಬ್ಬರ ಸರಾಸರಿ 8 ಕೆ.ಜಿ. ಇದನ್ನು 2015ರೊಳಗೆ 50 ಕೆ.ಜಿ.ಗೆ ಏರಿಸುತ್ತೇವೆ ಎಂದು ಘೋಷಿಸಿದರು. ಅದು ಆಗಲಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಗೊಬ್ಬರದ ಬೆಲೆ ಗಗನಕ್ಕೇರಿತು. ಹೊರಗಿನಿಂದ ತರಿಸಿಕೊಳ್ಳುವ ದೇಶಗಳು ಒದ್ದಾಡಿದವು. 2024ರ ಮೇ ತಿಂಗಳಲ್ಲಿ ನೈರೋಬಿಯಲ್ಲಿ ಮತ್ತೆ ಸೇರಿ, ತಮ್ಮ ನೆಲದಲ್ಲೇ ಗೊಬ್ಬರ ಉತ್ಪಾದನೆಯನ್ನು ಹತ್ತು ವರ್ಷದಲ್ಲಿ ಮೂರು ಪಟ್ಟು ಮಾಡುವ ಗುರಿ ಇಟ್ಟುಕೊಂಡಿದ್ದಾರೆ. ಇದಕ್ಕೆ ಕಾರ್ಖಾನೆ ಬೇಕೇ ಬೇಕು. ಬೇಡ ಅನ್ನುವವರ ಜೊತೆ ನಾನಿಲ್ಲ.

ಆದರೆ ಡಕಾರ್ ಬಗ್ಗೆ ನಿಮಗೆ ಹೇಳಲೇಬೇಕು. 1992ರ ಮಾರ್ಚ್ 24. ಸೆನೆಗಲ್ ದೇಶದ ರಾಜಧಾನಿಯಲ್ಲಿ ಕಡಲೆಕಾಯಿ ಎಣ್ಣೆ ಕಾರ್ಖಾನೆಯೊಂದರ ಒಳಗೆ ಅಮೋನಿಯಾ ತುಂಬಿದ ಟ್ಯಾಂಕರ್ ಸಿಡಿಯಿತು. ಅದರಲ್ಲಿ ಇದ್ದದ್ದು ಸುಮಾರು 22 ಟನ್, ಹಿಡಿಯಬೇಕಾದ್ದಕ್ಕಿಂತ ಜಾಸ್ತಿ. 129 ಜನ ಸತ್ತರು. ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. ಒಂದೇ ಒಂದು ಟ್ಯಾಂಕರ್! ಯೂರಿಯಾ ಗೊಬ್ಬರ ತಯಾರಾಗುವುದೇ ಅಮೋನಿಯಾದಿಂದ. ಅಂಥ ಕಾರ್ಖಾನೆಯ ಅಂಗಳದಲ್ಲಿ ಇದು ಸಾವಿರಾರು ಟನ್ ಇರುತ್ತದೆ.

ಆ ಟ್ಯಾಂಕಿನ ಹತ್ತಿರ ಸ್ವಲ್ಪ ನಿಲ್ಲೋಣ. ಅಮೋನಿಯಾವನ್ನು ಮೈನಸ್ 33 ಡಿಗ್ರಿಗೆ ತಣಿಸಿದರೆ ನೀರಿನಂತೆ ದ್ರವವಾಗುತ್ತದೆ. ಹಾಗೆ ತಣ್ಣಗೆ ಮಾಡಿಯೇ ದೊಡ್ಡ ಟ್ಯಾಂಕುಗಳಲ್ಲಿ ಇಟ್ಟಿರುತ್ತಾರೆ. ಅಮೋನಿಯಾ ಅನಿಲ ಗಾಳಿಗಿಂತ ಹಗುರ. ಹಾಗಾಗಿ ಸೋರಿದರೂ ಮೇಲಕ್ಕೆ ಹೋಗಿಬಿಡುತ್ತದೆ ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಆದರೆ ತಣ್ಣನೆಯ ದ್ರವ ಒಮ್ಮೆಲೇ ಚೆಲ್ಲಿದಾಗ ಹಾಗಾಗುವುದಿಲ್ಲ. ಬಿಳಿ ಮಂಜಿನಂತೆ ನೆಲಕ್ಕೆ ಅಂಟಿಕೊಂಡೇ ಹರಿಯುತ್ತದೆ. ತಗ್ಗು ಎಲ್ಲಿದೆಯೋ, ಗಾಳಿ ಎತ್ತ ಬೀಸುತ್ತದೋ ಅತ್ತ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 300 ಪಾಲು ಅಮೋನಿಯಾ ಸೇರಿದರೂ ಜೀವಕ್ಕೇ ಅಪಾಯ ಎಂದು ಅಮೆರಿಕದ ಕೆಲಸಗಾರರ ಸುರಕ್ಷತೆಯ ಸಂಸ್ಥೆ ಗುರುತಿಸಿದೆ.

ಪರಿಶೀಲನೆ ಅಂದರೆ ಇದನ್ನು ಇಟ್ಟುಕೊಂಡು ಕೇಳುವ ಪ್ರಶ್ನೆಗಳು. ರಾತ್ರಿ ಹೊತ್ತು ಇಲ್ಲಿ ಗಾಳಿ ಯಾವ ಕಡೆ ಬೀಸುತ್ತದೆ? ಆ ಕಡೆ ಶಾಲೆ ಇದೆಯಾ? ಸೈರನ್ ಕೂಗಿದರೆ ಎತ್ತ ಓಡಬೇಕು ಅಂತ ಅಕ್ಕಪಕ್ಕದವರಿಗೆ ಗೊತ್ತಾ? ಇವನ್ನು ನಕ್ಷೆ ಹಾಳೆಯ ಮೇಲಿರುವಾಗಲೇ ಕೇಳಿದರೆ ಟ್ಯಾಂಕನ್ನು ಒಂದು ಕಿಲೋಮೀಟರ್ ಆಚೆ ಸರಿಸಬಹುದು. ಕಟ್ಟಿ ಮುಗಿಸಿದ ಮೇಲೆ ಸರಿಸಬೇಕಾಗುವುದು ಊರನ್ನು.

ಟುನೀಶಿಯಾದ ಗಾಬೆಸ್‌ನಲ್ಲಿ ಆಗಿದ್ದು ಹೆಚ್ಚುಕಡಿಮೆ ಇದೇ. ಕಡಲ ದಂಡೆಯಲ್ಲಿ ಖರ್ಜೂರದ ತೋಪು ಇರುವ ಅಪರೂಪದ ಜಾಗ ಅದು. 1970ರ ದಶಕದಲ್ಲಿ ಅಲ್ಲಿ ಫಾಸ್ಫೇಟ್ ಗೊಬ್ಬರದ ಉದ್ಯಮ ಬಂತು. ಆಗ ಇಂಥ ಪ್ರಶ್ನೆ ಕೇಳುವ ರೂಢಿಯೇ ಇರಲಿಲ್ಲ. ವಿಶ್ವಬ್ಯಾಂಕ್ ಕೂಡ ಪರಿಸರ ಪರಿಶೀಲನೆಯ ನಿಯಮ ತಂದದ್ದು 1989ರಲ್ಲಿ. ಈ ಗೊಬ್ಬರಕ್ಕೆ ಬೇಕಾದ ಫಾಸ್ಫರಿಕ್ ಆಮ್ಲ ಒಂದು ಟನ್ ಮಾಡಿದರೆ ಸುಮಾರು ಐದು ಟನ್ ಫಾಸ್ಫೋಜಿಪ್ಸಂ ಎಂಬ ತ್ಯಾಜ್ಯ ಉಳಿಯುತ್ತದೆ. ಅದರಲ್ಲಿ ಫ್ಲೋರೈಡ್, ಕ್ಯಾಡ್ಮಿಯಂ, ವಿಕಿರಣ ಸೂಸುವ ರೇಡಿಯಂ ಎಲ್ಲ ಇರಬಹುದು. ಅದನ್ನೆಲ್ಲ ಸಮುದ್ರಕ್ಕೆ ಬಿಟ್ಟರು. ಮೀನು ಮೊಟ್ಟೆಯಿಡುತ್ತಿದ್ದ ಕಡಲ ಹುಲ್ಲುಗಾವಲು ನಾಶವಾಯಿತು, ಮೀನುಗಾರರ ಬದುಕೂ ಅದರ ಹಿಂದೆಯೇ ಹೋಯಿತು. ಆ ಘಟಕಗಳನ್ನು ಹಂತಹಂತವಾಗಿ ಕಳಚುತ್ತೇವೆ ಎಂದು 2017ರಲ್ಲಿ ಸರ್ಕಾರ ಮಾತು ಕೊಟ್ಟಿತು. 2025ರಲ್ಲಿ ಶಾಲೆಯ ಮಕ್ಕಳು ಉಸಿರು ಕಟ್ಟಿ ಆಸ್ಪತ್ರೆ ಸೇರಿದಾಗ ಇಡೀ ಊರೇ ಬೀದಿಗೆ ಇಳಿಯಿತು. ಇಷ್ಟು ವರ್ಷ ಉಳಿಸಿದ ಖರ್ಚನ್ನು ಆ ಮಕ್ಕಳ ಕೈಲಿ ಕಟ್ಟಿಸಿದಂತಾಯಿತು. ಇದನ್ನು ಬರೆಯುವಾಗ ನನಗೆ ಹೊಟ್ಟೆ ಉರಿಯುತ್ತದೆ.

ಈಗ ಸಾಲದ ವಿಷಯ. ವಿಶ್ವಬ್ಯಾಂಕ್ ಗುಂಪಿನ ಐಎಫ್‌ಸಿ, ಅಂದರೆ ಅಂತಾರಾಷ್ಟ್ರೀಯ ಹಣಕಾಸು ನಿಗಮ, ಖಾಸಗಿ ಕಂಪನಿಗಳಿಗೆ ಸಾಲ ಕೊಡುತ್ತದೆ. ಪರಿಸರ ಮತ್ತು ಜನರ ವಿಷಯದಲ್ಲಿ ಸಾಲ ಪಡೆಯುವವರು ಪಾಲಿಸಬೇಕಾದ ಅದರ ಎಂಟು ಮಾನದಂಡಗಳು 2012ರಿಂದ ಈಗಿನ ರೂಪದಲ್ಲಿವೆ. ಎಂಟನ್ನೂ ಇಲ್ಲಿ ವಿವರಿಸುವುದಿಲ್ಲ. ನನಗೆ ಮುಖ್ಯ ಅನ್ನಿಸಿದ ಎರಡೇ ವಿಷಯ ಹೇಳುತ್ತೇನೆ.

ಮೊದಲನೆಯದು, ಕಾರ್ಖಾನೆಯ ಬೇಲಿಯೊಳಗೆ ಮಾತ್ರ ನೋಡಿದರೆ ಸಾಲದು. ನೈಜೀರಿಯಾದ ಎಲೆಮೆಯಲ್ಲಿ ವರ್ಷಕ್ಕೆ 14 ಲಕ್ಷ ಟನ್ ಯೂರಿಯಾ ಮಾಡುವ ಘಟಕಕ್ಕೆ ಐಎಫ್‌ಸಿ 2013ರಲ್ಲಿ ಸಾಲ ಕೊಟ್ಟಿತು. ಅಲ್ಲಿಗೆ ನೈಸರ್ಗಿಕ ಅನಿಲ ಬರಲು 80 ಕಿ.ಮೀ.ಗೂ ಉದ್ದದ ಕೊಳವೆ ಬೇಕಿತ್ತು. ಯೂರಿಯಾ ಹಡಗು ಹತ್ತಲು ಓನ್ನೆ ಬಂದರಿನಲ್ಲಿ ಕಟ್ಟೆ ಬೇಕಿತ್ತು. ಕಾರ್ಖಾನೆಯನ್ನು ಎಂದೂ ನೋಡದವನ ಹೊಲದಲ್ಲೂ ಕೊಳವೆ ಹಾದುಹೋಗುತ್ತದೆ. ಯೋಜನೆಗೆ ಅಂಟಿಕೊಂಡ ಇಂಥ ಕೆಲಸಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುತ್ತದೆ ಮೊದಲ ಮಾನದಂಡ.

ಎರಡನೆಯದು ಭೂಮಿ. ಐದನೇ ಮಾನದಂಡದ ಪ್ರಕಾರ, ಪಟ್ಟಾ ಇಲ್ಲದವನೂ ಲೆಕ್ಕಕ್ಕೆ ಬರುತ್ತಾನೆ. ಆ ನೆಲದಲ್ಲಿ ಮನೆ ಕಟ್ಟಿಕೊಂಡಿದ್ದರೆ ಮನೆಗೆ ಪರಿಹಾರ, ಬೇರೆಡೆ ನೆಲೆ ನಿಲ್ಲಲು ನೆರವು. ಇದು ಸಣ್ಣ ಮಾತಲ್ಲ. ಬಡ ದೇಶಗಳಲ್ಲಿ ಅಜ್ಜನ ಕಾಲದಿಂದ ಉಳುತ್ತಿದ್ದರೂ ಕೈಯಲ್ಲಿ ಕಾಗದ ಇಲ್ಲದವರು ಎಷ್ಟು ಜನ! ಇವರಲ್ಲಿ ಹೆಂಗಸರು ಬಹಳ. ಸಭೆ ಕರೆದರೆ ಊರಿನ ಗಂಡಸರು ಮುಂದೆ ಕೂತು ಮಾತಾಡಿ ಮುಗಿಸುತ್ತಾರೆ. ಹಾಗಾಗಿ ಹೆಂಗಸರ ಮಾತನ್ನು ಬೇರೆಯಾಗಿಯೇ ಕೇಳಬೇಕು.

ಕಾರ್ಖಾನೆ ಬಂದರೆ ಊರಿಗೆ ಉದ್ಯೋಗ ಸಿಗುತ್ತದೆ ಅಂತಲೂ ನೀವು ಬರೆದಿದ್ದೀರಿ. ಅದಕ್ಕೂ ಒಂದು ಮಾತು. ಕಟ್ಟುವಾಗ ಸಾವಿರಾರು ಜನಕ್ಕೆ ಕೆಲಸ ಸಿಗುತ್ತದೆ. ಯಂತ್ರ ಶುರುವಾದ ಮೇಲೆ ಕೆಲವು ನೂರು ಜನ ಸಾಕು. ಊರಿನವರಿಗೆ ಇದನ್ನು ಮೊದಲೇ ನೇರವಾಗಿ ಹೇಳಬೇಕು.

ಹಾಗಂತ ಈ ಪರಿಶೀಲನೆ ಸರಿಯಾಗೇ ನಡೆಯುತ್ತಿದೆ ಅಂತ ನಾನು ಹೇಳುವುದಿಲ್ಲ. ನಿಮ್ಮ ಸಿಟ್ಟು ಇಲ್ಲಿಗೆ ತಿರುಗಿದರೆ ನಾನೂ ಜೊತೆಗಿದ್ದೇನೆ. ವರದಿ ಬರೆಯುವ ತಜ್ಞರಿಗೆ ಹಣ ಕೊಡುವುದು ಕಾರ್ಖಾನೆ ಕಟ್ಟುವ ಕಂಪನಿಯೇ. ವರದಿ ಬರುವುದು ಇಂಗ್ಲಿಷಿನಲ್ಲೋ ಫ್ರೆಂಚಿನಲ್ಲೋ. ಊರಿನವರ ಭಾಷೆಯಲ್ಲಿ ಸಾರಾಂಶ ಸಿಕ್ಕರೆ ಅದೇ ಹೆಚ್ಚು. ಕಂಪನಿ ಸಾಲವನ್ನು ಬೇಗ ತೀರಿಸಿಬಿಟ್ಟರೆ ಸಾಲ ಕೊಟ್ಟವರ ಹಿಡಿತವೂ ಅಲ್ಲಿಗೆ ಸಡಿಲ. ಟ್ಯಾಂಕ್ ಮಾತ್ರ ಇನ್ನೂ ಮೂವತ್ತು ವರ್ಷ ಅಲ್ಲೇ ಇರುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಓದುವವರು ಯಾರು? ದೊಡ್ಡ ಅಪಾಯ ಇರುವ ಯೋಜನೆಗಳನ್ನು ಐಎಫ್‌ಸಿ 'ಎ' ವರ್ಗಕ್ಕೆ ಸೇರಿಸುತ್ತದೆ. ಆಡಳಿತ ಮಂಡಳಿ ಒಪ್ಪಿಗೆ ಕೊಡುವುದಕ್ಕೆ ಕನಿಷ್ಠ 60 ದಿನ ಮುಂಚೆ ಪರಿಶೀಲನೆಯ ಸಾರಾಂಶವನ್ನು ಎಲ್ಲರೂ ನೋಡುವ ಹಾಗೆ ಹಾಕಬೇಕು. ನನ್ನ ಸಲಹೆ ಕೇಳಿದರೆ, ಸಾವಿರ ಪುಟ ಬಿಡಿ, ಅದರ ಜೊತೆ ಇರುವ ಕ್ರಿಯಾಯೋಜನೆಯ ಪಟ್ಟಿ ಓದಿ. ಸಾಮಾನ್ಯವಾಗಿ ಒಂದೆರಡು ಪುಟ ಇರುತ್ತದೆ. ಒಂದು ಕಡೆ ಏನು ಮಾಡಬೇಕು ಅಂತ, ಇನ್ನೊಂದು ಕಡೆ ಯಾವಾಗ ಮುಗಿಯಬೇಕು ಅಂತ. ಸೋರಿಕೆ ಪತ್ತೆ ಹಚ್ಚುವ ಯಂತ್ರಕ್ಕೆ "ಉತ್ಪಾದನೆ ಶುರುವಾಗುವ ಮುಂಚೆ" ಅಂತಿದೆಯೋ, "ಶುರುವಾಗಿ ಒಂದು ವರ್ಷದೊಳಗೆ" ಅಂತಿದೆಯೋ ನೋಡಿ. ಆ ಒಂದು ಸಾಲಿನಲ್ಲೇ ಬಹಳ ಗೊತ್ತಾಗುತ್ತದೆ.

ಕೊಟ್ಟ ಮಾತು ತಪ್ಪಿದರೆ? ಐಎಫ್‌ಸಿ ಸಾಲದ ಯೋಜನೆಗಳ ಬಗ್ಗೆ ದೂರು ಕೇಳಲು 1999ರಿಂದ ಸಿಎಒ ಎಂಬ ಪ್ರತ್ಯೇಕ ಕಚೇರಿ ಇದೆ. ಅದಕ್ಕೆ ಯೋಜನೆ ನಿಲ್ಲಿಸುವ ಅಧಿಕಾರ ಇಲ್ಲ. ಆದರೆ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುತ್ತದೆ, ನಿಯಮ ಮೀರಿದ್ದರೆ ತನಿಖೆ ಮಾಡಿ ವರದಿ ಕೊಡುತ್ತದೆ. ಕಾರ್ಖಾನೆ ಪಕ್ಕದ ಮೀನುಗಾರ ಅಲ್ಲಿಗೆ ತನ್ನ ಭಾಷೆಯಲ್ಲೇ ಬರೆಯಬಹುದು. ಹೆಸರು ಗುಟ್ಟಾಗಿಡಿ ಅಂತಲೂ ಕೇಳಿಕೊಳ್ಳಬಹುದು.

ವಿಶ್ವಾಸದಿಂದ,
ಸಂಪಾದಕ