ಆರೋಗ್ಯ: ನೀವು ಕೇಳಿದಿರಿ

ಪ್ರಶ್ನೆ: 11 ವರ್ಷದ ಮಗನಿಗೆ ಟೈಪ್ 1 ಮಧುಮೇಹ. ಎರಡು ವರ್ಷದಿಂದ ಬಾಟಲಿ ಇನ್ಸುಲಿನ್. ಡೋಸ್ ಅದೇ, ಊಟವೂ ಅದೇ. ಆದರೂ ಒಂದು ವಾರದಿಂದ ಶುಗರ್ 300ರ ಕೆಳಗೆ ಇಳಿಯುತ್ತಿಲ್ಲ. ಬೇರೆ ಮೆಡಿಕಲ್ ಶಾಪಿನಿಂದ ಸಿರಿಂಜ್ ತಂದದ್ದು ಬಿಟ್ಟರೆ ಹೊಸದೇನಿಲ್ಲ. ಡೋಸ್ ಏರಿಸಬಹುದೇ?
– ಓದುಗರು, ಹಾವೇರಿ

ಉತ್ತರ: ಬೇಡ. ಮೊದಲು ಇವತ್ತೇ ಕೀಟೋನ್ (ಇನ್ಸುಲಿನ್ ಸಾಲದಾದಾಗ ಮೈಯಲ್ಲಿ ಸೇರುವ ಆಮ್ಲ) ಪಟ್ಟಿಯಿಂದ ಮೂತ್ರ ಪರೀಕ್ಷಿಸಿ. ಕೀಟೋನ್ ಕಂಡರೆ, ಅಥವಾ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಗು ಊಟ ಬಿಟ್ಟಿದೆ ಎಂದು ಇನ್ಸುಲಿನ್ ಪೂರ್ತಿ ನಿಲ್ಲಿಸುವ ತಪ್ಪು ಮಾತ್ರ ಮಾಡಬೇಡಿ.

ನಮ್ಮ ಅನುಮಾನವೆಲ್ಲ ಆ ಸಿರಿಂಜಿನ ಮೇಲೆ. ನಮ್ಮಲ್ಲಿ ಬಾಟಲಿ ಇನ್ಸುಲಿನ್ ಹೆಚ್ಚಾಗಿ ಯು-40, ಅಂದರೆ ಒಂದು ಎಂ.ಎಲ್.ನಲ್ಲಿ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆ ಮುಚ್ಚಳದ್ದು ಯು-100 ಇನ್ಸುಲಿನ್‌ಗೆ. ಟ್ಯೂಬ್‌ಲೈಟಿನ ಬೆಳಕಲ್ಲಿ ಕೆಂಪು ಯಾವುದು, ಕಿತ್ತಳೆ ಯಾವುದು ಗೊತ್ತಾಗುವುದಿಲ್ಲ. ಸಿರಿಂಜಿನ ಮೈಮೇಲಿನ ಅಂಕಿಯನ್ನೇ ಓದಿ. ಯು-40 ಬಾಟಲಿಯಿಂದ ಯು-100 ಸಿರಿಂಜಿಗೆ 10ರ ಗೆರೆವರೆಗೆ ಎಳೆದರೆ ಬರುವುದು 0.1 ಎಂ.ಎಲ್., ಎಂದರೆ ಬರೀ 4 ಯೂನಿಟ್. ಅದಲುಬದಲಾಗಿ ಯು-100 ಇನ್ಸುಲಿನ್ ಅನ್ನು ಯು-40 ಸಿರಿಂಜಿಗೆ ಎಳೆದರೆ 10ರ ಬದಲು 25 ಯೂನಿಟ್ ಮೈಗೆ ಹೋಗುತ್ತದೆ, ಜೀವಕ್ಕೇ ಅಪಾಯ. ಈಗ ಡೋಸ್ ಏರಿಸಿ, ಮುಂದಿನ ತಿಂಗಳು ಸರಿಯಾದ ಸಿರಿಂಜ್ ಸಿಕ್ಕರೆ ಶುಗರ್ ದಿಢೀರನೆ ಕುಸಿಯುತ್ತದೆ.

ಸಿರಿಂಜ್ ಸರಿಯಿದೆಯೇ? ಹಾಗಾದರೆ ಚುಚ್ಚುವ ಜಾಗವನ್ನು ಬೆರಳಿನಿಂದ ಒತ್ತಿ ಸವರಿ. ಕಣ್ಣಿಗೆ ಕಾಣದ ಗಂಟು ಕೈಗೆ ಸಿಗುತ್ತದೆ. ನೋವಾಗುವುದಿಲ್ಲವೆಂದು ಮಕ್ಕಳು ಅಲ್ಲೇ ಚುಚ್ಚಿಸಿಕೊಳ್ಳಲು ಇಷ್ಟಪಡುತ್ತಾರೆ, ಆದರೆ ಅಲ್ಲಿಂದ ಇನ್ಸುಲಿನ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಆ ಜಾಗ ಬಿಟ್ಟು, ಪ್ರತಿ ಸಲ ಒಂದು ಬೆರಳಿನಗಲ ಸರಿದು ಚುಚ್ಚಿ. ಜಾಗ ಬದಲಿಸಿದಾಗ ಅದೇ ಡೋಸ್ ಹೆಚ್ಚು ಕೆಲಸ ಮಾಡೀತು. ಎಷ್ಟು ತಗ್ಗಿಸಬೇಕೆಂದು ವೈದ್ಯರನ್ನೇ ಕೇಳಿ. ಫ್ರೀಜರ್‌ಗೆ ತಾಗಿ ಹೆಪ್ಪುಗಟ್ಟಿದ್ದ ಬಾಟಲಿಯಾದರೆ, ಕರಗಿದ ಮೇಲೂ ಬಳಸಬೇಡಿ.

ಪ್ರಶ್ನೆ: ಮಗಳ ತೂಕ 28 ಕೆಜಿ. ಶುಗರ್ 60ಕ್ಕೆ ಇಳಿದಾಗ ಚಾಕೊಲೇಟ್ ಕೊಡುತ್ತೇವೆ. ಏರುವುದು ತಡ. ಏಕೆ?
– ಓದುಗರು, ಶಿರಸಿ

ಉತ್ತರ: ಚಾಕೊಲೇಟಿನ ಕೊಬ್ಬು ಸಕ್ಕರೆಯನ್ನು ತಡೆದು ನಿಲ್ಲಿಸುತ್ತದೆ. ಎರಡು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಇನ್ನೂ 70ರ ಕೆಳಗಿದ್ದರೆ ಮತ್ತೆ ಅಷ್ಟೇ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಪಕ್ಕಕ್ಕೆ ಮಲಗಿಸಿ, ಶುಗರ್ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಇದ್ದರೆ ಚುಚ್ಚಿ, 108ಕ್ಕೆ ಕರೆ ಮಾಡಿ.