ಮಾತು ನಟಿಗೆ, ಕೇಳಿಸಿದ್ದು ಮಗಳಿಗೆ

ತಾರೆಯರ ಖಾಸಗಿ ಫೋಟೊ ಸೋರಿಕೆಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಸೈಬರ್ ಪ್ರಕರಣಗಳನ್ನು ನೋಡುವ ವಕೀಲೆಯೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ಹೋದ ಭಾನುವಾರ ತಿಂಡಿ ತಿನ್ನುವಾಗ ನನ್ನ ಮೈದುನ ಫೋನ್ ತೋರಿಸಿದ. ಯಾವುದೋ ನಟಿಯ ಖಾಸಗಿ ಫೋಟೊ ಲೀಕ್ ಆಗಿದೆಯಂತೆ. ಫೋನ್ ಕೈಯಿಂದ ಕೈಗೆ ಹೋಯಿತು. ನಮ್ಮತ್ತೆ ‘ಇಂಥದ್ದೆಲ್ಲ ತೆಗೆಸಿಕೊಳ್ಳೋದ್ಯಾಕೆ, ಆಮೇಲೆ ಅಳೋದ್ಯಾಕೆ’ ಅಂದರು. ನಾನೂ ಹೂಂ ಅಂದೆ. ಪಿಯುಸಿ ಓದುವ ನನ್ನ ಮಗಳು ಅರ್ಧ ದೋಸೆ ಬಿಟ್ಟು ಎದ್ದು ಹೋದಳು. ಅವತ್ತಿನಿಂದ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ನಾನು ಅಂದಿದ್ದರಲ್ಲಿ ತಪ್ಪೇನಿದೆ? (ಗೃಹಿಣಿ, ದಾವಣಗೆರೆ)

ನೀವು ಹೂಂ ಅಂದಿದ್ದು ಆ ನಟಿಯ ವಿಷಯಕ್ಕೆ. ಆಕೆಗೆ ಅದು ಕೇಳಿಸಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಗಳಿಗೆ ಕೇಳಿಸಿತು. ನಾಳೆ ತನಗೇ ಹೀಗಾದರೆ ಅಮ್ಮ ಏನು ಹೇಳುತ್ತಾಳೆ ಅನ್ನುವುದು ಅವಳಿಗೆ ಅವತ್ತೇ ಗೊತ್ತಾಗಿಹೋಯಿತು. ಅರ್ಧ ದೋಸೆ ಬಿಟ್ಟು ಎದ್ದಿದ್ದು ಅದಕ್ಕೇ ಇರಬೇಕು ಅಂತ ನನಗನ್ನಿಸುತ್ತದೆ.

ನಿಮ್ಮತ್ತೆ ಆಡಿದ ಮಾತನ್ನೇ ಅಮೆರಿಕದಲ್ಲೂ ತುಂಬಾ ಜನ ಆಡಿದ್ದರು. 2014ರ ಆಗಸ್ಟ್ 31ರಂದು ಹಾಲಿವುಡ್ ನಟಿಯರ ಖಾಸಗಿ ಫೋಟೊಗಳ ದೊಡ್ಡ ಕಂತೆಯೊಂದು ಫೋರ್‌ಚಾನ್ ಎಂಬ ತಾಣದಲ್ಲಿ ಬಿತ್ತು. ಅಲ್ಲಿಂದ ರೆಡಿಟ್‌ಗೆ ಬಂತು, ಆಮೇಲೆ ಎಲ್ಲ ಕಡೆ ಹರಡಿತು. ಬ್ರಿಟನ್ನಿನ ಹಾಸ್ಯನಟ ರಿಕಿ ಜರ್ವೇಸ್, ಬೆತ್ತಲೆ ಫೋಟೊ ಕಂಪ್ಯೂಟರಿನಲ್ಲಿ ಇಡದಿದ್ದರೆ ಆಯಿತು ಅನ್ನುವ ಅರ್ಥದ ಟ್ವೀಟ್ ಹಾಕಿ, ಜನ ಸಿಟ್ಟಾದ ಮೇಲೆ ಅಳಿಸಿದರು. ನಟಿ ಲೀನಾ ಡನಮ್ ಇದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟರು. ‘ಅವಳು ಗಿಡ್ಡ ಸ್ಕರ್ಟ್ ಹಾಕಿದ್ದಳಲ್ಲ’ ಅನ್ನುವ ಹಳೆಯ ಮಾತೇ ಈಗ ಇಂಟರ್ನೆಟ್‌ಗೆ ಬಂದಿದೆ ಅಂತ.

ಆ ಕಂತೆಯಲ್ಲಿ ಮೇರಿ ಎಲಿಜಬೆತ್ ವಿನ್‌ಸ್ಟೆಡ್ ಎಂಬ ನಟಿಯ ಫೋಟೊಗಳೂ ಇದ್ದವು. ತನ್ನ ಮನೆಯೊಳಗೆ, ಗಂಡನ ಜೊತೆ ಇದ್ದಾಗ, ವರ್ಷಗಳ ಹಿಂದೆ ತೆಗೆದ ಫೋಟೊಗಳು. ಯಾವತ್ತೋ ಡಿಲೀಟ್ ಮಾಡಿದ್ದೆ ಅಂತ ಆಕೆ ಹೇಳಿದರು. ಗಂಡ ಹೆಂಡತಿ ತಮ್ಮ ಮನೆಯಲ್ಲಿ ಏನು ಮಾಡಬೇಕು ಅಂತ ಹೇಳಲು ನಾವ್ಯಾರು, ಅಲ್ವಾ? ಬೀರು ಒಡೆದು ಒಡವೆ ಕದ್ದರೆ ‘ಒಡವೆ ಯಾಕೆ ಮಾಡಿಸಿದೆ’ ಅಂತ ನಿಮ್ಮತ್ತೆಯೂ ಕೇಳುವುದಿಲ್ಲ.

ಅದೇ ಕಂತೆಯಲ್ಲಿ ಫೋಟೊ ಸೋರಿದ ಇನ್ನೊಬ್ಬ ನಟಿ ಜೆನಿಫರ್ ಲಾರೆನ್ಸ್ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆಗ ಅವರಿಗೆ 24 ವರ್ಷ. ಅಷ್ಟರಲ್ಲಾಗಲೇ ಆಸ್ಕರ್ ಬಂದಿತ್ತು. ಮೊದಲು ಕ್ಷಮೆ ಕೇಳಿ ಒಂದು ಹೇಳಿಕೆ ಬರೆಯಲು ಕೂತರಂತೆ. ಬರೆಯುತ್ತಾ ಹೋದಂತೆ, ನಾನು ಯಾವ ತಪ್ಪಿಗೆ ಕ್ಷಮೆ ಕೇಳಬೇಕು ಅನ್ನಿಸಿತು. ಕೊನೆಗೆ ವ್ಯಾನಿಟಿ ಫೇರ್ ಪತ್ರಿಕೆಗೆ ಹೇಳಿದರು: ಇದು ಹಗರಣ ಅಲ್ಲ, ಲೈಂಗಿಕ ಅಪರಾಧ. ಆ ಸಂದರ್ಶನದಲ್ಲಿ ಇನ್ನೊಂದು ಮಾತಿದೆ. ಹೀಗಾಗಿದೆ ಅಂತ ಅಪ್ಪನಿಗೆ ಫೋನ್ ಮಾಡಿ ಹೇಳಬೇಕಾಯಿತಲ್ಲ, ಎಷ್ಟು ದುಡ್ಡು ಕೊಟ್ಟರೂ ಆ ಕರೆ ಯಾರಿಗೂ ಬೇಡ ಅಂದರು. ಲೋಕವೆಲ್ಲ ನೋಡುತ್ತಿದ್ದಾಗಲೂ ಆಕೆಗೆ ಅಪ್ಪನ ಚಿಂತೆ.

ನನ್ನ ಹತ್ತಿರ ಬರುವ ಹುಡುಗಿಯರೂ ಹಾಗೆಯೇ. ಕುರ್ಚಿಯ ತುದಿಯಲ್ಲಿ ಕೂತು, ಫೋನನ್ನು ಮಡಿಲಲ್ಲಿ ತಲೆಕೆಳಗಾಗಿಟ್ಟುಕೊಂಡು ಮೊದಲು ಕೇಳುವುದು ಒಂದೇ: ‘ಮನೆಗೆ ಗೊತ್ತಾಗುತ್ತಾ ಮೇಡಂ?’ ಹೆದರಿಸುವವನ ಬಲವೆಲ್ಲ ಆ ಪ್ರಶ್ನೆಯಲ್ಲೇ ಇದೆ. ಅಮ್ಮನಿಗೆ ಹೇಳಬಹುದು ಅಂತ ಹುಡುಗಿಗೆ ಗೊತ್ತಿದ್ದರೆ ಅವನ ಆಟ ಅರ್ಧ ಮುಗಿದಂತೆ.

ಇವತ್ತೇ ಮಗಳ ಹತ್ತಿರ ಕೂತುಕೊಳ್ಳಿ. ‘ಅವತ್ತು ನಾನು ಹೂಂ ಅಂದಿದ್ದು ತಪ್ಪು. ನಿನಗೆ ಯಾವತ್ತಾದರೂ ಏನಾದರೂ ಆದರೆ ಮೊದಲು ನನಗೆ ಹೇಳು, ಬೈಯಲ್ಲ’ ಅನ್ನಿ. ಅಷ್ಟು ಸಾಕು. ‘ನಿಂದೂ ಏನಾದ್ರೂ ಇದೆಯಾ’ ಅಂತ ದಯವಿಟ್ಟು ಕೆದಕಬೇಡಿ. ಮೈದುನನಿಗೂ ಒಂದು ಮಾತು ಹೇಳಿ. ಮಗಳಿಗೆ ಕೇಳಿಸುವಂತೆಯೇ ಹೇಳಿ.

ಪ್ರಶ್ನೆ: ಆಫೀಸ್ ಗೆಳೆಯರ ಗ್ರೂಪ್‌ನಲ್ಲಿ ಇಂಥ ಫೋಟೊ ಬಂತು. ನೋಡಿದೆ, ಯಾರಿಗೂ ಕಳಿಸಲಿಲ್ಲ. ನಾನೊಬ್ಬ ನೋಡದಿದ್ದರೂ ಲಕ್ಷ ಜನ ನೋಡುತ್ತಾರೆ. ಆಕೆಯೂ ಪಬ್ಲಿಕ್ ಫಿಗರ್. ಸುಮ್ನೆ ನೋಡಿದರೂ ಅಪರಾಧವಾ? (ಬೆಂಗಳೂರು)

ವಯಸ್ಕರ ಫೋಟೊ ಬರೀ ನೋಡಿದ್ದಕ್ಕೆ ನಿಮ್ಮ ಮೇಲೆ ಕೇಸ್ ಆಗಲಿಕ್ಕಿಲ್ಲ. ಮುಂದಕ್ಕೆ ಕಳಿಸಿದರೆ ಮಾತು ಬೇರೆ. ಒಪ್ಪಿಗೆ ಇಲ್ಲದೆ ಒಬ್ಬರ ಗುಪ್ತಾಂಗದ ಚಿತ್ರ ಹಂಚಿದರೆ ಐಟಿ ಕಾಯ್ದೆಯ 66ಇ ಪ್ರಕಾರ 3 ವರ್ಷದವರೆಗೆ ಜೈಲು ಆಗಬಹುದು. ಲೈಂಗಿಕ ದೃಶ್ಯವಾದರೆ 67ಎ, ಮೊದಲ ಸಲಕ್ಕೇ 5 ವರ್ಷದವರೆಗೆ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿ ಇನ್ನೊಂದು ಮುಖ್ಯ ಮಾತಿದೆ. ಹೆಣ್ಣುಮಗಳು ಫೋಟೊ ತೆಗೆಯಲು ಒಪ್ಪಿರಬಹುದು. ಅದನ್ನು ಬೇರೆಯವರಿಗೆ ಹಂಚಲು ಒಪ್ಪಿರದಿದ್ದರೆ, ಹಂಚಿದ್ದು ಅಪರಾಧವೇ.

ಚಿತ್ರದಲ್ಲಿರುವವರಿಗೆ 18 ತುಂಬಿಲ್ಲದಿದ್ದರೆ ಹುಡುಕಿ ನೋಡುವುದು, ಇಟ್ಟುಕೊಳ್ಳುವುದು ಕೂಡ ಅಪರಾಧ. 2014ರ ಕಂತೆಯಲ್ಲಿದ್ದ ಒಬ್ಬ ಕ್ರೀಡಾಪಟುವಿನ ವಕೀಲರು, ಆ ಫೋಟೊ ತೆಗೆದಾಗ ಆಕೆ ಅಪ್ರಾಪ್ತೆ ಅಂದಿದ್ದರು. ಗ್ರೂಪ್‌ನಲ್ಲಿ ಬಂದ ಫೋಟೊ ನೋಡುವಾಗ ವಯಸ್ಸು ಯಾರು ವಿಚಾರಿಸಿದ್ದಾರೆ?

ಪಬ್ಲಿಕ್ ಫಿಗರ್ ಅಂದಿರಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸ್ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೆಸರು ಮಾಡಿದವರಿಗೆ ಈ ಹಕ್ಕು ಇಲ್ಲ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ.

ಇನ್ನು ಆ ಲಕ್ಷ ಜನರ ಮಾತು. 2014ರಲ್ಲಿ ಫೋಟೊ ನೋಡಿದ ರೆಡಿಟ್ ಬಳಕೆದಾರರಲ್ಲಿ ಕೆಲವರು, ಬಹುಶಃ ಮನಸ್ಸು ಚುಚ್ಚಿ, ಪ್ರಾಸ್ಟೇಟ್ ಕ್ಯಾನ್ಸರ್ ಫೌಂಡೇಶನ್‌ಗೆ ದೇಣಿಗೆ ಕೊಟ್ಟರು. ಇಂಥ ದುಡ್ಡು ನಮಗೆ ಬೇಡ ಅಂತ ಸಂಸ್ಥೆ ಅದನ್ನು ವಾಪಸ್ ಮಾಡಿತು. ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಎಷ್ಟಿದ್ದರೂ ಸಾಲದು. ಆದರೂ ಬೇಡ ಅಂದರು. ನಟಿ ಎಮ್ಮಾ ವಾಟ್ಸನ್ ಆಗ, ಫೋಟೊಗಳಿಗಿಂತ ಅದರ ಕೆಳಗಿನ ಕಾಮೆಂಟ್ ಓದುವುದೇ ಹೆಚ್ಚು ಸಂಕಟ ಅಂತ ಬರೆದಿದ್ದರು.

ಕದ್ದವರ ಬಗ್ಗೆಯೂ ತಿಳಿದುಕೊಳ್ಳಿ. ಆಪಲ್, ಗೂಗಲ್ ಕಂಪನಿಯಿಂದಲೇ ಬಂದಂತೆ ಕಾಣುವ ಸುಳ್ಳು ಇಮೇಲ್ ಕಳಿಸಿ ಪಾಸ್‌ವರ್ಡ್ ಕಿತ್ತುಕೊಂಡವರು ಅವರು. ಪೆನ್ಸಿಲ್ವೇನಿಯಾದ ಒಬ್ಬನಿಗೆ 2016ರಲ್ಲಿ 18 ತಿಂಗಳು ಜೈಲಾಯಿತು. ಶಿಕಾಗೊದ ಇನ್ನೊಬ್ಬ ಕನಿಷ್ಠ 300 ಖಾತೆಗಳಿಗೆ ನುಗ್ಗಿದ್ದ. ಅದರಲ್ಲಿ ತಾರೆಯರದು ಸುಮಾರು 30. ಉಳಿದವರು ನಮ್ಮ ನಿಮ್ಮಂಥವರು. ವರ್ಜೀನಿಯಾದಲ್ಲಿ ಸಿಕ್ಕಿಬಿದ್ದವನು ಮಾಜಿ ಶಾಲಾ ಶಿಕ್ಷಕ. ಫೇಸ್‌ಬುಕ್ ನೋಡಿಕೊಂಡು ಸೆಕ್ಯುರಿಟಿ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಿದ್ದ. ಅವನು ನುಗ್ಗಿದ ಖಾತೆಗಳಲ್ಲಿ ಅವನ ಶಾಲೆಯವರದೂ ಇದ್ದವು.

ಆ ಫೋಟೊ ಅಳಿಸಿ. ವಾಟ್ಸಾಪ್‌ನಲ್ಲಿ ಆಟೊ ಡೌನ್‌ಲೋಡ್ ಆಫ್ ಮಾಡಿ. ಗ್ರೂಪ್‌ನಲ್ಲಿ ‘ಡಿಲೀಟ್ ಮಾಡ್ರಪ್ಪಾ, ಇದು ಕದ್ದ ಮಾಲು’ ಅಂತ ಒಂದು ಸಾಲು ಹಾಕಿ. ಬಾಯಿ ಬಿಡದೆ ಕಸಿವಿಸಿಪಡುತ್ತಿರುವ ಇನ್ನೊಬ್ಬರು ಆ ಗ್ರೂಪ್‌ನಲ್ಲಿ ಖಂಡಿತ ಇರುತ್ತಾರೆ.

ಪ್ರಶ್ನೆ: ರಶ್ಮಿಕಾ ಮಂದಣ್ಣ ವಿಡಿಯೊ ನಕಲಿ ಅಂತ ಎಲ್ಲರಿಗೂ ಗೊತ್ತಾಯಿತಲ್ಲ. ಆಮೇಲೂ ಅಷ್ಟು ಗಲಾಟೆ ಯಾಕೆ? (ಮಡಿಕೇರಿ)

2023ರ ನವೆಂಬರ್‌ನ ಆ ವಿಡಿಯೊದಲ್ಲಿ ಲಿಫ್ಟ್‌ಗೆ ಬರುವ ಯುವತಿ ಬೇರೆಯವರು. ಮುಖ ಮಾತ್ರ ನಿಮ್ಮೂರ ಕಡೆಯ ರಶ್ಮಿಕಾ ಅವರದು. ಅಲ್ಲಿ ಅನ್ಯಾಯವಾಗಿದ್ದು ಇಬ್ಬರು ಹೆಣ್ಣುಮಕ್ಕಳಿಗೆ. ಎರಡನೆಯವರನ್ನು ಹೆಚ್ಚಿನವರು ನೆನೆಯಲೇ ಇಲ್ಲ. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರದ ಯುವಕನೊಬ್ಬನನ್ನು ಹಿಡಿದರು. ಫಾಲೋವರ್ಸ್ ಜಾಸ್ತಿ ಮಾಡಿಕೊಳ್ಳಲು ಮಾಡಿದನಂತೆ.

ಆಗ ಅಮಿತಾಭ್ ಬಚ್ಚನ್ ಸೇರಿ ತುಂಬಾ ಜನ ರಶ್ಮಿಕಾ ಪರ ನಿಂತರು. ನನಗೆ ಸಂತೋಷವೇ. ಆದರೆ ‘ಸದ್ಯ, ಅವಳಲ್ಲವಂತೆ’ ಅನ್ನುವ ಸಮಾಧಾನ ನನ್ನನ್ನು ಚುಚ್ಚುತ್ತದೆ. ಅವಳೇ ಆಗಿದ್ದರೆ? ಆಗ ಬೈಯಬಹುದಿತ್ತು ಅಂತಲಾ? ಅಸಲಿಯಾಗಲಿ ನಕಲಿಯಾಗಲಿ, ಒಪ್ಪಿಗೆ ಕೇಳಿದ್ದರಾ ಅನ್ನುವುದೊಂದೇ ಪ್ರಶ್ನೆ. ಶಾಲೆ ಕಾಲೇಜಿನಲ್ಲಿದ್ದಾಗ ಹೀಗಾಗಿದ್ದರೆ ಹೇಗೆ ಎದುರಿಸುತ್ತಿದ್ದೆನೋ ಊಹಿಸಲೂ ಆಗುವುದಿಲ್ಲ ಅಂತ ರಶ್ಮಿಕಾ ಬರೆದಿದ್ದರು. ದಾವಣಗೆರೆಯ ಆ ತಾಯಿಯ ಪತ್ರದ ಜೊತೆ ಇದನ್ನೂ ಓದಿ.

ಪ್ರಶ್ನೆ: ನನ್ನ ಚಿಕ್ಕಮ್ಮನ ಮಗಳಿಗೆ ಈಗ 20. ಹಳೆಯ ಗೆಳೆಯ ಅವಳ ಫೋಟೊ ಹರಿಬಿಡುತ್ತೇನೆ ಅಂತ ಹೆದರಿಸಿ ದುಡ್ಡು ಕೇಳುತ್ತಿದ್ದಾನೆ. ನನಗೊಬ್ಬಳಿಗೇ ಹೇಳಿದ್ದಾಳೆ. ಏನು ಮಾಡಲಿ? (ಮಂಗಳೂರು)

ಅವಳು ಹೇಳಿಕೊಂಡಳಲ್ಲ, ಅದೇ ದೊಡ್ಡದು. ದುಡ್ಡು ಕೊಡಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾನೆ. ಹೆದರಿ ಚಾಟ್ ಅಳಿಸುವುದೂ ಬೇಡ. ನಂಬರ್, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ತಾಣವಿದೆ. ಫೋಟೊ ಅವಳ ಫೋನಿನಲ್ಲೇ ಉಳಿಯುತ್ತದೆ. ಅದರ ಗುರುತಿನ ಸಂಕೇತ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳಿಗೆ ಹೋಗುತ್ತದೆ. ಆಮೇಲೆ ಅಲ್ಲಿ ಯಾರಾದರೂ ಆ ಫೋಟೊ ಹಾಕಿದರೆ ಪತ್ತೆ ಹಚ್ಚಿ ತಡೆಯಲು ಅವರಿಗೆ ಆಗುತ್ತದೆ.

ಕೇಂದ್ರ ಸರ್ಕಾರದ ಸೈಬರ್‌ಕ್ರೈಂ ಪೋರ್ಟಲ್‌ನಲ್ಲಿ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಆದರೆ ಅವನನ್ನು ಹಿಡಿಯಬೇಕಾದರೆ ಹೆಸರು ಹಾಕಿ ಕೊಡುವುದೇ ಒಳ್ಳೆಯದು. ಸೈಬರ್ ಅಪರಾಧಗಳನ್ನು ನೋಡುವ ಸೆನ್ ಪೊಲೀಸ್ ಠಾಣೆಗೆ ಹೋಗುವಾಗ ನೀವೂ ಜೊತೆಗೆ ಹೋಗಿ. ಹೇಳಿಕೆ ಬರೆದುಕೊಳ್ಳುವಾಗ ಪಕ್ಕದ ಕುರ್ಚಿಯಲ್ಲೇ ಕೂತಿರಿ. ದೂರಿನ ಎರಡು ಪ್ರತಿ ಒಯ್ಯಿರಿ. ಒಂದಕ್ಕೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ.